ದಿನಕ್ಕೆ ಹತ್ತು ದಂಡ

೨೮ ಜುಲೈ ೨೦೦೮, ಸೋಮವಾರ

ಇನ್ನು ಒಂದು ತಿಂಗಳು ನಾನು ಸರ್ಕಾರದ ಅಪ್ಪಣೆಯ ಮೇರೆಗೆ ಟಿ.ವಿ. ನೋಡಬೇಕು. ಹೊರಗೆ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಕೇಬಲ್ಲಿನಲ್ಲಿ ಏನೇನು ತೋರಿಸುತ್ತಾರೆಂದು ಕಣ್ಣಿಡಲು ಜಿಲ್ಲೆಗೊಂದು ಸಮಿತಿ ಇರಬೇಕೆಂದು ದೆಹಲಿಯಿಂದ ಆದೇಶ ಬಂದಿದೆ. ಸಮಿತಿಗೆ ಬಂದ ಮೊದಲ ದೂರೇ ನಮ್ಮ ಕನಕಪುರದ್ದು. ಖಲಂದರ್ ನಡೆಸುವ ಊರಿನ ಚಾನೆಲ್ಲಿನಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಹೆಂಗಸೊಬ್ಬಳು ಬಗ್ಗಿ ಎದ್ದು ಮಾಡುತ್ತಾಳೆ, ಇದು ಸಭ್ಯಸ್ಥರು ಮನೆಮಂದಿಯ ಜೊತೆ ನೋಡುವಂಥದ್ದಲ್ಲ ಎಂದು ಯಾರೋ ಸಹಿಯಿಲ್ಲದ ಅರ್ಜಿ ಹಾಕಿದ್ದಾರೆ. ತಿಂಗಳು ಪೂರ್ತಿ ನೋಡಿ ವಾರಕ್ಕೊಮ್ಮೆ ವರದಿ ಕೊಡುವ ಕೆಲಸ ನನ್ನ ಹೆಗಲಿಗೆ ಬಿತ್ತು. "ಗವಿಸಿದ್ದಯ್ಯನವ್ರೇ, ನಿಮ್ ಕೈಬರಹ ಚೆನ್ನಾಗೈತೆ, ನೀವೇ ಬರೀರಿ," ಎಂದರು ಶಿರಸ್ತೇದಾರರು. ಕೈಬರಹಕ್ಕಿಂತ ನನ್ನ ವಾಕ್ಯ ಚೆನ್ನಾಗಿದೆ ಎಂಬುದು ಅವರಿಗೂ ಗೊತ್ತು. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಟಿಪ್ಪಣಿಯೂ ಅರ್ಥವಾಗಲಿಲ್ಲ ಎಂದು ವಾಪಸು ಬಂದಿಲ್ಲ.

ಹೋದ ವರ್ಷ ಸೈಬರ್ ಸೆಂಟರುಗಳಲ್ಲಿ ಬಂದವರ ಹೆಸರು, ವಿಳಾಸ ಬರೆದಿಡುತ್ತಾರೋ ಇಲ್ಲವೋ ನೋಡಲು ನನ್ನನ್ನೇ ಕಳಿಸಿದ್ದರು. ಎಲ್ಲವೂ ಮಹಡಿಯ ಮೇಲೆ. ಆ ಮೆಟ್ಟಿಲು ಹತ್ತಿಯೇ ನನ್ನ ಮಂಡಿ ಕೆಟ್ಟಿದ್ದು. ಈ ಕೆಲಸ ಕೂತಲ್ಲೇ ಆಗುತ್ತದೆ, ಅದೊಂದು ಸಮಾಧಾನ.

ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ ಇವತ್ತಿಗೆ ಹದಿನಾರು ದಿನ. ಮೈ ಬಗ್ಗಿಸಿ, ನಡೆಯಿರಿ ಎನ್ನುತ್ತಾರೆ. ಬಗ್ಗಿಸಲು ಮಂಡಿ ಬೇಕಲ್ಲ. ಆರು ತಿಂಗಳಿಂದ ಇಷ್ಟಲಿಂಗ ಪೂಜೆಯನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದೇನೆ. ಹೆಂಡತಿ ಗಿರಿಜಾ ಇದುವರೆಗೆ ಏನೂ ಅಂದಿರಲಿಲ್ಲ. ಇವತ್ತು ಮಾತ್ರ, "ಶ್ರಾವಣ ಬತ್ತಾ ಐತೆ, ಮಾವನೋರ ಮಣೆ ತೊಳ್ದು ಇಡ್ಲಾ?" ಎಂದು ಕೇಳಿದಳು. ಅಪ್ಪ ನೆಲದ ಮೇಲೆ ಹಾಕಿ ಪೂಜೆಗೆ ಕೂರುತ್ತಿದ್ದ ಮಣೆ ಅದು. ಬೇಡ ಎಂದೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಮಂಡಿಯ ಬಗ್ಗೆ ಯೋಚಿಸುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯಾಯಿತು.

೩೦ ಜುಲೈ, ಬುಧವಾರ

ಆರಕ್ಕೆ ಸರಿಯಾಗಿ ಕಾಫಿ ಲೋಟ, ಕಾಲಂ ಎಳೆದ ಹಾಳೆ ಹಿಡಿದು ಕೂತೆ. ಕಾರ್ಯಕ್ರಮದ ಹೆಸರು 'ಎದ್ದು ನಿಂತ್ಕಳಿ'. ಹಿಂದೆ ಗಿಳಿ ಚಿತ್ರದ ಬೆಡ್‌ಶೀಟು ಕಟ್ಟಿದ್ದಾರೆ, ಒಂದು ಕಡೆ ಮೊಳೆ ಬಿಟ್ಟುಕೊಂಡಿದೆ. ನಡೆಸುವವಳು ಲತಾಮಣಿ ಎಂಬಾಕೆ, ನಲವತ್ತರ ಆಸುಪಾಸು. ಚೂಡಿದಾರ ಹಾಕಿ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಕ್ಯಾಮೆರಾ ಎಂದರೆ ಪಕ್ಕದ ಮನೆಯ ಕಿಟಕಿಯೇನೋ ಎಂಬಂತೆ ಮಾತು.

"ಅಕ್ಕದೀರಾ, ನೆನ್ನೆ ಎಂಟ್ ಗಂಟೆ ಮಿಷಿನ್ ಮುಂದೆ ನಿಂತಿದ್ರಲ್ಲ, ಆ ಕಾಲಿಗೆ ಒಸಿ ಮರ್ಯಾದೆ ಕೊಡಾನ. ಎದ್ ನಿಂತ್ಕಳಿ."

ನಾನು ಏಳಲಿಲ್ಲ. ನನ್ನದು ವೀಕ್ಷಣೆಯ ಕೆಲಸ.

ಇವಳ ಮಾತೆಲ್ಲ ಗರಡಿಮನೆಯ ಮಾತು. ಕೂತು ಏಳುವುದಕ್ಕೆ ಬಸ್ಕಿ ಎನ್ನುತ್ತಾಳೆ. ಅಂಗೈ ನೆಲಕ್ಕೂರಿ, ಕಾಲು ಹಿಂದಕ್ಕೆ ಚಾಚಿ, ಎದೆಯನ್ನು ನೆಲದ ಹತ್ತಿರ ತಂದು ಮೇಲೇಳುವುದಕ್ಕೆ ದಂಡ ಎನ್ನುತ್ತಾಳೆ. "ದಿನಕ್ಕೆ ಹತ್ತು ದಂಡ ಹಾಕಿ, ಡಾಕ್ಟ್ರು ನಿಮ್ ಮುಖಾನೇ ಮರ್ತೋಯ್ತಾರೆ. ನೆಲಕ್ಕೆ ಆಗ್ದೋರು ಗೋಡೆಗೆ ಕೈ ಕೊಟ್ಟು ಹಾಕಿ, ಅದೂ ಲೆಕ್ಕವೇ." ದಂಡ ಹೊಡೆಯುವುದು ಎಂದು ಹಳಬರು ಹೇಳುತ್ತಿದ್ದದ್ದು, ಇವಳು ದಂಡ ಹಾಕಿ ಎನ್ನುತ್ತಾಳೆ. ನಾನು ಬಸ್ಕಿ ಹೊಡೆದಿದ್ದೆಲ್ಲ ಸ್ಕೂಲಿನಲ್ಲಿ, ಮಗ್ಗಿ ಬರದಿದ್ದಾಗ. ನಮ್ಮ ಭಾಷೆಯಲ್ಲಿ ವ್ಯಾಯಾಮದ ಎರಡು ಮಾತೂ ಶಿಕ್ಷೆಯ ಮಾತೇ ಆಗಿರುವುದು ವಿಚಿತ್ರ.

ಕಾಲಮ್ಮಿನಲ್ಲಿ ಬರೆದದ್ದು: ಆಕ್ಷೇಪಾರ್ಹ ದೃಶ್ಯ ಇಲ್ಲ. ವಿಶೇಷ: ಬೆಡ್‌ಶೀಟು ಮಾಸಿದೆ.

೪ ಆಗಸ್ಟ್, ಸೋಮವಾರ

ಮೊದಲ ಶ್ರಾವಣ ಸೋಮವಾರ. ಪೂಜೆ ಕುರ್ಚಿಯ ಮೇಲೇ ಆಯಿತು. ಗಿರಿಜಾ ಮಣೆ ತೊಳೆದು ಗೋಡೆಗೆ ಒರಗಿಸಿಟ್ಟಿದ್ದಳು. ನಾನು ನೋಡದವನಂತೆ ಇದ್ದೆ.

ಶನಿವಾರ ಒಂದು ಸಂಗತಿ ನಡೆಯಿತು, ಬರೆಯಲು ಮರೆತಿದ್ದೆ. ಬಗ್ಗುವುದರಲ್ಲಿ ಅಸಭ್ಯತೆ ಇದೆಯೋ ಇಲ್ಲವೋ ಎಂದು ಕೂತವನು ಹೇಗೆ ಹೇಳುತ್ತಾನೆ? ಪರಿಶೀಲನೆಗೆಂದು ಎದ್ದು ನಿಂತೆ. ಅವಳು ಹೇಳಿದಂತೆ ಗೋಡೆಗೆ ಕೈ ಕೊಟ್ಟು ಮೂರು ಸಲ ಮಾಡಿದೆ. ಅಸಭ್ಯತೆ ಕಂಡುಬರಲಿಲ್ಲ. ತೋಳು ಮಾತ್ರ ಭಾನುವಾರವೆಲ್ಲ ನೋಯುತ್ತಿತ್ತು. ಇದು ಪರಿಶೀಲನೆಯಷ್ಟೇ, ಗಿರಿಜಾಳಿಗೂ ಹಾಗೆಯೇ ಹೇಳಿದ್ದೇನೆ.

ಒಂದು ವಿಷಯ ಒಪ್ಪಬೇಕು. ಈಕೆ ಮಾಡಿ ತೋರಿಸುವಾಗ ಉಸಿರು ಕಟ್ಟುವುದಿಲ್ಲ, ಮಾತು ನಿಲ್ಲುವುದಿಲ್ಲ, ತಾನು ಚೆನ್ನಾಗಿ ಕಾಣಬೇಕೆಂಬ ಹಂಬಲವೂ ಇಲ್ಲ. ಯಾರ ಯಾವ ಕೀಲು ಎಲ್ಲಿ ಹಿಡಿದುಕೊಂಡಿದೆ ಎಂದು ಅಲ್ಲಿಂದಲೇ ಕಂಡವಳಂತೆ ಹೇಳುತ್ತಾಳೆ.

ಮೊದಲ ವಾರದ ವರದಿ ಕಳಿಸಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ದಾಖಲಿಸಬೇಕಾದ್ದು ವರದಿಗಾರನ ಧರ್ಮ. ಆ ವಾಕ್ಯ ಚೆನ್ನಾಗಿ ಬಂದಿದೆ ಎಂದು ಇಲ್ಲೂ ಬರೆದುಕೊಳ್ಳುತ್ತೇನೆ: 'ಸದರಿ ಮಹಿಳೆಯು ವೀಕ್ಷಕರಿಗೆ ದಿನಕ್ಕೆ ಹತ್ತು ದಂಡ ಹಾಕುವಂತೆ ಸೂಚಿಸುತ್ತಿದ್ದು, ಅಶಕ್ತರಿಗೆ ಗೋಡೆಯ ರಿಯಾಯಿತಿ ನೀಡಲಾಗಿರುತ್ತದೆ.'

೮ ಆಗಸ್ಟ್, ಶುಕ್ರವಾರ

ಜಮೀನಿನ ಕಾಗದದ ಕೆಲಸಕ್ಕೆ ಹಾರೋಹಳ್ಳಿಗೆ ಹೋಗಿದ್ದೆ. ರಾಗಿ ಹೊಲವಿದ್ದ ಕಡೆಯೆಲ್ಲ ಈಗ ತಗಡಿನ ಶೆಡ್ಡು, ಗೇಟು, ಗೇಟಿಗೊಬ್ಬ ವಾಚ್‌ಮನ್. ಐದೂವರೆಗೆ ಕೈಗಾರಿಕಾ ಪ್ರದೇಶದಿಂದ ಹೆಂಗಸರು ಗುಂಪುಗುಂಪಾಗಿ ಹೊರಬಂದರು. ಕನಕಪುರದ ಬಸ್ಸಿಗೆ ಕಾಯುತ್ತಿದ್ದವರ ನಡುವೆ ಅವಳೇ. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಗಿಡ್ಡ. ಬೆಳಿಗ್ಗೆ ಆರೂವರೆಗೆ ಅಲ್ಲಿ ಮುಗಿಸಿ, ಏಳರ ಬಸ್ಸು ಹಿಡಿದು ಬಂದು ದಿನವಿಡೀ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ನಿಲ್ಲುತ್ತಾಳಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಬಸ್ಸು ತಡವಾಯಿತು. ಅವಳು ತಂಗುದಾಣದ ಗೋಡೆಗೆ ಅಂಗೈ ಊರಿದಳು. ಕೂಡಲೇ ಇನ್ನೂ ಏಳೆಂಟು ಜನ ಟಿಫನ್ ಡಬ್ಬಿ ಕೆಳಗಿಟ್ಟು ಅವಳ ಸಾಲಿಗೆ ನಿಂತರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನಿಂತು ನೋಡಿದರು, ಅವಳು ತಿರುಗಿಯೂ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸನ್ನು ಇದೇನಮ್ಮ ಎಂದು ಕೇಳಿದೆ. ಹೆಸರು ದೊಡ್ಡಲಕ್ಷ್ಮಮ್ಮ, ಅದೇ ಪ್ಯಾಕಿಂಗಿನವಳು.

"ನನ್ ಬಲಗೈ ಭುಜದಿಂದ ಮ್ಯಾಕೆ ಬತ್ತಿರ್ಲಿಲ್ಲ ಸ್ವಾಮಿ. ತಲೆ ಬಾಚೋಕೂ ಸೊಸೆ ಬೇಕಾಗಿತ್ತು. ದೀಪಾವಳಿ ಗಂಟ ನೋಡ್ತೀವಿ, ಆಮೇಲೆ ಮನೇಲಿರು ಅಂದ್ಬುಟ್ರು ಸೂಪ್ರವೈಜರ್ರು. ಈ ಲತಾ ದಿನಾ ಟೀವೀಲಿ ಹೇಳ್ಕೊಟ್ಲು, ಇಲ್ಲಿ ಬಂದು ತಿದ್ದುದ್ಲು. ಈಗ ನೋಡಿ."

ಕೈ ಮೇಲೆತ್ತಿದಳು. ಪೂರ್ತಿ ಬರಲಿಲ್ಲ, ಆದರೆ ಬಸ್ಸು ಬಂದಾಗ ಮೇಲಿನ ಕಂಬಿಯನ್ನು ಅದೇ ಕೈಯಲ್ಲಿ ಹಿಡಿದು ನಿಂತಳು. ಊರು ಬರುವವರೆಗೂ ಆ ಕೈಯನ್ನೇ ನೋಡುತ್ತಿದ್ದೆ. ಒಬ್ಬಳೇ ಹೆಂಗಸು ಗೋಡೆಗೊಂದು ಬೆಡ್‌ಶೀಟು ಕಟ್ಟಿಕೊಂಡು ಇಷ್ಟು ಮಾಡಬಹುದು ಎಂದು ನನಗೆ ಯಾವ ಕಡತವೂ ಹೇಳಿರಲಿಲ್ಲ. ನಾನು ಯಾರೆಂದು ಅವರಿಗೆ ಹೇಳುವ ಧೈರ್ಯವಾಗಲಿಲ್ಲ.

೧೨ ಆಗಸ್ಟ್

ಬಸ್ಕಿ ಏಳು, ಕಿಟಕಿಯ ಸರಳು ಹಿಡಿದು. ದಂಡ ಗೋಡೆಗೆ ಹತ್ತು, ನೆಲಕ್ಕೆ ಒಂದೂವರೆ. ಅಡುಗೆಮನೆಯ ಬಾಗಿಲ ಹಿಂದೆ ಗಿರಿಜಾ ತಾನೂ ಮಾಡುತ್ತಿದ್ದಳು. ಸಿಕ್ಕಿಬಿದ್ದಾಗ, "ನಂದೂ ಪರಿಶೀಲನೆ," ಎಂದಳು.

೧೮ ಆಗಸ್ಟ್, ಸೋಮವಾರ

ಇವತ್ತಿನದು ಕೆಟ್ಟ ದಿನ. ಆರಕ್ಕೆ ಟಿ.ವಿ. ಹಾಕಿದರೆ ಲತಾಮಣಿ ಇಲ್ಲ, ಯಾವುದೋ ಸಿನಿಮಾ ಹಾಡು. ಖಲಂದರ್‌ಗೆ ಫೋನು ಮಾಡಿದರೆ ತೆಗೆಯಲಿಲ್ಲ. ಗಾಬರಿಯಲ್ಲಿ ಮಣೆಯ ಮೇಲೆ ಕೂತು ಬೇಗಬೇಗ ಪೂಜೆ ಮುಗಿಸಿ ಕಚೇರಿಗೆ ಓಡಿದೆ. ಗಿರಿಜಾ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದಳು, ಕಣ್ಣಲ್ಲಿ ನೀರಿತ್ತು. ಸಂಜೆ ಕೇಳೋಣವೆಂದು ಬಿಟ್ಟೆ.

ಕಚೇರಿಯಲ್ಲಿ ಶಿರಸ್ತೇದಾರರು ಮೇಲಿನಿಂದ ಬಂದ ನೋಟಿಸಿನ ಪ್ರತಿ ತೋರಿಸಿದರು. ಸಹಿಯಿಲ್ಲದ ಅರ್ಜಿಯ ಮಾತೇ ಅದರಲ್ಲಿ ಇಲ್ಲ. 'ಸದರಿ ಚಾನೆಲ್ಲಿನವರು ಯಾವ ಅಧಿಕಾರದಿಂದ ಸಾರ್ವಜನಿಕರಿಗೆ ದಿನಕ್ಕೆ ಹತ್ತು ದಂಡ ವಿಧಿಸುತ್ತಿದ್ದಾರೆ? ಗೋಡೆ ಇದ್ದವರಿಗೆ ಮಾತ್ರ ರಿಯಾಯಿತಿ ಏಕೆ? ಉತ್ತರ ಬರುವವರೆಗೆ ಕಾರ್ಯಕ್ರಮ ನಿಲ್ಲಿಸುವುದು.'

ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ನನ್ನ ವಾಕ್ಯ ಕಂಡಿತು. ನಾನು ಮೆಚ್ಚಿಕೊಂಡು ಇಲ್ಲಿ ನಕಲು ಮಾಡಿಟ್ಟ ವಾಕ್ಯವೇ.

"ಸುಮ್ಕಿದ್ಬುಡಿ," ಎಂದರು ಶಿರಸ್ತೇದಾರರು. "ತಪ್ಪು ನಂದು ಅಂತ ಬರ್ದು ಕೊಟ್ರೆ ನಿಮ್ ಸರ್ವೀಸ್ ಬುಕ್ಕಿಗೆ ಹತ್ತುತ್ತೆ. ನಿವೃತ್ತಿ ಹೊತ್ನಲ್ಲಿ ಯಾಕೆ ಬೇಕು? ಅವನು ಹಾಡು ಹಾಕ್ಕೋತಾನೆ, ಜನ ಮರೀತಾರೆ."

ಮೂವತ್ತೊಂದು ವರ್ಷ ನಾನೂ ಬೇರೆಯವರಿಗೆ ಇದೇ ಬುದ್ಧಿ ಹೇಳಿದ್ದೇನೆ. ಇವತ್ತು ಊಟ ಸೇರಲಿಲ್ಲ.

೧೯ ಆಗಸ್ಟ್

ಆರಕ್ಕೆ ಹಾಡು. ಶಬ್ದ ನಿಲ್ಲಿಸಿ, ನೆನಪಿನಿಂದ ಮಾಡಿದೆವು. ಗಿರಿಜಾ ಎಣಿಸಿದಳು.

೨೦ ಆಗಸ್ಟ್, ಬುಧವಾರ

ಸಂಜೆ ಖಲಂದರ್‌ನ ಕಂಟ್ರೋಲ್ ರೂಮಿಗೆ ಹೋದೆ. ಸೈಕಲ್ ಅಂಗಡಿಯ ಮೇಲೆ, ಎರಡನೇ ಮಹಡಿ, ಇಕ್ಕಟ್ಟಿನ ಮೆಟ್ಟಿಲು. ಬೆಡ್‌ಶೀಟನ್ನು ಮಡಚಿ ಮೂಲೆಗಿಟ್ಟಿದ್ದರು. ಲತಾಮಣಿಯೂ ಕಂಪನಿಯಿಂದ ನೇರ ಅಲ್ಲಿಗೇ ಬಂದಿದ್ದಳು.

ನಿಂತುಕೊಂಡೇ ಹೇಳಿಬಿಟ್ಟೆ. ವರದಿ ಬರೆದವನು ನಾನು, ವಾಕ್ಯ ನನ್ನದು, ನಿಮ್ಮ ಕಾರ್ಯಕ್ರಮ ನಿಂತದ್ದು ನನ್ನಿಂದ ಎಂದೆ.

ಖಲಂದರ್ ತಲೆ ಮೇಲೆ ಕೈ ಹೊತ್ತ. "ನಾನು ನಾಕು ಊರಿಗೆ ವೈರ್ ಎಳ್ಕೊಂಡು ಬದುಕ್ತಾ ಇರೋನು ಸಾರ್. ಲೈಸೆನ್ಸ್ ಹೋಯ್ತು ಅಂದ್ರೆ ಎಲ್ಲಾ ಹೋಯ್ತು. ಈ ಪೋಗ್ರಾಮ್ ಬುಟ್ಬುಡ್ತೀನಿ ಅಂತ ಬರ್ದು ಕೊಡೋಣ ಅಂತಿದ್ದೆ."

ಲತಾಮಣಿ ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು ನನ್ನ ಕಾಲು ನೋಡುತ್ತಿದ್ದಳು. "ಬಲಗಾಲ ಮೇಲೆ ಭಾರ ಹಾಕಿ ನಿಂತಿದೀರಿ ಸಾರ್. ಎರಡ್ರ ಮೇಲೂ ನಿಂತ್ಕಳಿ," ಎಂದಳು. ಆಮೇಲೆ ತಾನಾಗಿಯೇ ಹೇಳಿದಳು.

"ನಮ್ಮಪ್ಪ ಗರಡಿ ನಡೆಸ್ತಿದ್ದ. ಹೆಣ್ಮಕ್ಳು ಒಳಕ್ಕೆ ಕಾಲಿಕ್ಕಂಗಿರ್ಲಿಲ್ಲ. ಬಾಗ್ಲಾಚೆ ನಿಂತ್ಕಂಡು, ಸಂದೀಲಿ ನೋಡ್ಕಂಡು ಕಲ್ತೆ ನಾನು. ದಂಡ ಅನ್ನೋದು ಅಲ್ಲಿನ್ ಮಾತು. ಕಂಪ್ನೀಲಿ ನಮ್ಮೋರು ಸೊಂಟ ಹಿಡ್ಕಂಡು ಕೂರಾದು ನೋಡಿ, ಈ ಇದ್ಯೆ ಬಾಗ್ಲಾಚೆಗೆ ಬರ್ಲಿ ಅಂತ ಅಣ್ಣನ ಕೇಳ್ದೆ. ಅರ್ಧ ಗಂಟೆ ಕೊಟ್ಟ." ಅಣ್ಣ ಎಂದದ್ದು ಖಲಂದರ್‌ಗೆ. "ನಂಗೇನೂ ಆಗಲ್ಲ ಸಾರ್. ಆದ್ರೆ ದೊಡ್ಡಲಕ್ಷ್ಮಕ್ಕನ ಕೈ ಇನ್ನೂ ನಾಕು ಬೆಳ್ಳು ಏಳ್ಬೇಕು. ದಿನಾ ಯಾರೂ ಹೇಳ್ದಿದ್ರೆ ಆಯಮ್ಮ ಬುಟ್ಬುಡ್ತದೆ. ದೀಪಾವಳಿಗೆ ಎಷ್ಟ್ ದಿನ ಐತೆ?"

ಮನೆಗೆ ಬಂದು ಬರೆದೆ: 'ತಪ್ಪು ನನ್ನದು. ಸಮಿತಿಯ ಮುಂದೆ ಖುದ್ದಾಗಿ ವಿವರಿಸಲು ಅವಕಾಶ ಕೊಡಬೇಕು.' ಇಷ್ಟು ಚಿಕ್ಕ ಟಿಪ್ಪಣಿಯನ್ನು ನಾನು ಯಾವತ್ತೂ ಬರೆದಿರಲಿಲ್ಲ. ಗಿರಿಜಾ ಓದಿ, "ಸರ್ವೀಸ್ ಬುಕ್ಕಿಗೆ ಏನ್ ಹತ್ತುತ್ತೋ ಹತ್ಲಿ," ಎಂದಳು.

೨೫ ಆಗಸ್ಟ್, ಸೋಮವಾರ

ರಾಮನಗರದಿಂದ ಈಗ ಬಂದೆ. ಮರೆಯುವ ಮೊದಲು ಬರೆಯಬೇಕು.

ಹನ್ನೊಂದಕ್ಕೆ ಜಿಲ್ಲಾಧಿಕಾರಿ ಸಾಹೇಬರ ಮುಂದೆ ಸಮಿತಿಯ ಸಭೆ. ನಾನು, ಖಲಂದರ್, ಲತಾಮಣಿ. ಅವಳು ಒಂದು ದಿನದ ಕೆಲಸ ಬಿಟ್ಟು ಬಂದಿದ್ದಳು. ಸಾಹೇಬರ ಮುಂದೆ ಚೂಡಿದಾರ ಬೇಡವೆಂದು ಗಿರಿಜಾ ಹೇಳಿ ಕಳಿಸಿದ್ದರಿಂದ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು. ಉದ್ದ ಮೇಜಿನ ಆಚೆ ಸಾಹೇಬರು, ಪೊಲೀಸ್ ಅಧಿಕಾರಿಯೊಬ್ಬರು, ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದ ವಯಸ್ಸಾದ ಹೆಂಗಸೊಬ್ಬರು.

ಸಾಹೇಬರು ಖಲಂದರ್‌ನನ್ನು ಕೇಳಿದರು: "ದಂಡಕ್ಕೆ ರಸೀದಿ ಕೊಡ್ತೀರೇನ್ರಿ?"

ಖಲಂದರ್ ನನ್ನ ಕಡೆ ತಿರುಗಿದ. ನಾನು ಮುಂದೆ ಬಂದು, ಸ್ವಾಮಿ, ಆ ವಾಕ್ಯ ನನ್ನದು, ಇಲ್ಲಿ ದಂಡ ಅಂದರೆ ಜುಲ್ಮಾನೆ ಅಲ್ಲ, ವ್ಯಾಯಾಮ ಎಂದೆ.

"ಎಂಥ ವ್ಯಾಯಾಮ? ಅರ್ಥ ಆಗೋ ಹಾಗೆ ಹೇಳಿ."

ವಿವರಿಸಲು ಹೊರಟೆ. ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಇರಿಸಿ, ಸದರಿ ದೇಹದ ಭಾರವನ್ನು ಅಂಗೈಗಳಿಗೆ ವಹಿಸಿ ಎಂದು ಶುರು ಮಾಡಿದವನು ಅಲ್ಲೇ ನಿಂತೆ. ಸಾಹೇಬರ ಹುಬ್ಬು ಗಂಟಾಗುತ್ತಿತ್ತು. ಇನ್ನೊಂದು ಸದರಿ ಬಂದರೆ ಇನ್ನೊಂದು ನೋಟಿಸು ಬರುತ್ತದೆ ಎನಿಸಿತು. ಲತಾಮಣಿ ಸೆರಗು ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಆ ಸೀರೆಯಲ್ಲಿ ಹೇಗೆ ಮಾಡುತ್ತಾಳೆ?

ಜೇಬಿನ ಪೆನ್ನು ತೆಗೆದು ಅವಳ ಕೈಗೆ ಕೊಟ್ಟೆ. ಚಪ್ಪಲಿ ಬಿಟ್ಟೆ. ಸಾಹೇಬರ ಮೇಜಿನ ಮುಂದೆ ನೆಲಕ್ಕೆ ಅಂಗೈ ಊರಿ ಕಾಲು ಹಿಂದಕ್ಕೆ ಚಾಚಿದೆ. "ಇದು ದಂಡ, ಸ್ವಾಮಿ," ಎಂದು ಎದೆ ನೆಲದ ಹತ್ತಿರ ಇಳಿಸಿ ಮೇಲೆದ್ದೆ.

ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ತೋಳು ನಡುಗಿತು. "ಉಸ್ರು ಕಟ್ಬೇಡಿ ಸಾರ್, ಬುಡಿ, ಬುಡ್ತಾ ಏಳಿ," ಎಂದು ಹಿಂದಿನಿಂದ ಲತಾಮಣಿ. ಬಿಟ್ಟೆ. ಐದು ಎಂದು ಪ್ರಿನ್ಸಿಪಾಲ್ ಅಮ್ಮ ಎಣಿಸಿದರು, ಆರು ಎಂದೂ ಅವರೇ ಎಣಿಸಿದರು. ಆಮೇಲೆ ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

"ಹತ್ತು ಅಂತಲ್ವಾ ನೀವು ಬರೆದಿದ್ದು?" ಎಂದರು ಸಾಹೇಬರು.

ಪಕ್ಕದ ಗೋಡೆಗೆ ಹೋಗಿ ಅಂಗೈ ಊರಿ ಉಳಿದ ನಾಲ್ಕನ್ನು ಮುಗಿಸಿದೆ. "ಇದು ಗೋಡೆಯ ರಿಯಾಯಿತಿ, ಸ್ವಾಮಿ."

ಮೊದಲು ನಕ್ಕವರು ಪೊಲೀಸ್ ಅಧಿಕಾರಿ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರಿನ್ಸಿಪಾಲ್ ಅಮ್ಮ ಮಾತ್ರ ನಗದೆ ಲತಾಮಣಿಯನ್ನು ಹತ್ತಿರ ಕರೆದು, ತಮ್ಮ ಭುಜ ಎಲ್ಲಿ ಹಿಡಿಯುತ್ತದೆಂದು ತೋರಿಸಿದರು. ಅವಳು ಅಲ್ಲೇ ಹೆಬ್ಬೆರಳಿಟ್ಟು, ಕೈ ಹೇಗೆ ತಿರುಗಿಸಬೇಕೆಂದು ಹೇಳಿಕೊಟ್ಟಳು. ದೊಡ್ಡ ಮೇಜು, ದೊಡ್ಡ ಕುರ್ಚಿ ಯಾವುದಕ್ಕೂ ಅವಳು ಹೆದರಲಿಲ್ಲ. ಅಪ್ಪನ ಗರಡಿಯ ಬಾಗಿಲಲ್ಲಿ ತಡೆಸಿಕೊಂಡವಳು ಈ ಕೋಣೆಯಲ್ಲಿ ಗುರುವಿನ ಹಾಗೆ ನಿಂತಿದ್ದಳು. ನನಗೆ ಬಹಳ ಹೆಮ್ಮೆಯಾಯಿತು, ನನ್ನ ಮಗಳೇ ಅವಳು ಎಂಬಷ್ಟು.

ಸಾಹೇಬರು ಬರೆದದ್ದು: ಕಾರ್ಯಕ್ರಮ ಮುಂದುವರಿಯಲಿ. ವರದಿಗಾರರಿಗೆ ಅಸ್ಪಷ್ಟ ಭಾಷೆಗಾಗಿ ಎಚ್ಚರಿಕೆ. ಆ ಎಚ್ಚರಿಕೆ ಸರ್ವೀಸ್ ಬುಕ್ಕಿಗೆ ಹೋಗುತ್ತದೆ. ಶಿರಸ್ತೇದಾರರು ಹೇಳಿದ್ದು ಸರಿಯಾಗಿಯೇ ಇತ್ತು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತು ಬಂದೆ. ಯಾಕೋ ಕೂರಬೇಕು ಅನಿಸಲಿಲ್ಲ.

೩೦ ಆಗಸ್ಟ್, ಶನಿವಾರ

ಶ್ರಾವಣ ಇವತ್ತಿಗೆ ಮುಗಿಯಿತು, ನನ್ನ ವೀಕ್ಷಣೆಯ ತಿಂಗಳೂ ಮುಗಿಯಿತು. ಪೂಜೆಯ ಕುರ್ಚಿ ಕಾಣಿಸದೆ ಹುಡುಕಿದರೆ, ಗಿರಿಜಾ ಅದರ ಮೇಲೆ ಒಗೆದ ಬಟ್ಟೆ ಹೇರಿದ್ದಾಳೆ. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ನಕ್ಕು ಒಳಗೆ ಹೋದಳು.

ನಿನ್ನೆ ಸಂಜೆ ಹಾರೋಹಳ್ಳಿಯ ಬಸ್ಸಿನಿಂದ ಇಳಿದ ಲತಾಮಣಿ ಕಚೇರಿ ಬಾಗಿಲಿಗೆ ಬಂದು ನನ್ನ ಪೆನ್ನು ವಾಪಸು ಕೊಟ್ಟಳು. ದೊಡ್ಡಲಕ್ಷ್ಮಮ್ಮ ತಾನೇ ಜಡೆ ಹಾಕಿಕೊಂಡು ಕಂಪನಿಗೆ ಬಂದಿದ್ದಳಂತೆ. ಬೈತಲೆ ಸೊಟ್ಟ ಇತ್ತಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಬೆಳಿಗ್ಗೆ ಆರಕ್ಕೆ ಗಿಳಿ ಬೆಡ್‌ಶೀಟು ಒಗೆಸಿಕೊಂಡು ಬಂದಿತ್ತು, ಬಿಟ್ಟ ಮೊಳೆಯನ್ನೂ ಹೊಡೆದಿದ್ದರು. "ಅಕ್ಕದೀರಾ, ಅಣ್ಣದೀರಾ, ಎದ್ ನಿಂತ್ಕಳಿ," ಎಂದಳು. ಅಣ್ಣದೀರಾ ಎಂಬುದು ಹೊಸದಾಗಿ ಸೇರಿದೆ.

ಕೊನೆಯ ದಿನದ ಕಾಲಂ ಹೀಗೆ ತುಂಬಿ ಕಳಿಸಿದ್ದೇನೆ, ಈ ಸಲ ಭಾಷೆ ಸ್ಪಷ್ಟವಾಗಿದೆ: ಆಕ್ಷೇಪಾರ್ಹ ದೃಶ್ಯ ಇತ್ತೋ ಇಲ್ಲವೋ ಹೇಳಲಾಗುವುದಿಲ್ಲ. ಆರರಿಂದ ಆರೂವರೆಯವರೆಗೆ ವರದಿಗಾರನ ಮುಖ ನೆಲದ ಕಡೆಗಿತ್ತು.